ಇಪ್ಪತ್ತೈದಕ್ಕೆ ಒಂದು

ಕಾಗದದ ಮೇಲೆ ಬಿದ್ದ ಪೆಟ್ರೋಲಿನ ಹನಿ ಆರಿದ ಮೇಲೆ ಅಲ್ಲಿ ಜಿಡ್ಡಿನ ಉಂಗುರ ಉಳಿದಿದೆಯೋ ಇಲ್ಲವೋ ಎಂದು ಒನೇಲಿಯೊ ದೆಸ್ಪಾಯ್ನೆ ಮೂರನೆಯ ಸಲ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಭಾನುವಾರದ ಬೆಳಗು ಇನ್ನೂ ಪೂರ್ತಿ ಬಿಳುಪೇರಿರಲಿಲ್ಲ. ಉಂಗುರ ಇದ್ದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ಹಿಟ್ಟಿನ ಗಿರಣಿಯ ನಕ್ಷೆಕೋಣೆಯಲ್ಲಿ ಮೂವತ್ತು ವರ್ಷ ಗೆರೆ ಎಳೆದು, ನಿವೃತ್ತನಾಗುವ ದಿನ ಕಂಕುಳಲ್ಲಿ ಸುತ್ತಿ ತಂದಿದ್ದ ಪಾರದರ್ಶಕ ಹಾಳೆಗಳಲ್ಲಿ ಅದೂ ಒಂದು. ಹುಟ್ಟಿನಿಂದಲೇ ಎಣ್ಣೆ ಕುಡಿದಂತೆ ಇರುವ ಜಾತಿಯ ಕಾಗದ. ಅದರ ಮೇಲೆ ಎಣ್ಣೆಯ ಗುರುತು ಹುಡುಕಹೊರಟ ತನ್ನ ಬುದ್ಧಿಯನ್ನು ತಾನೇ ಹಳಿದುಕೊಂಡು ಅವನು ಹಾಳೆಯನ್ನು ಮಡಿಸಿ ಜೇಬಿಗೆ ಸೇರಿಸಿದ. ಮನೆಯಲ್ಲಿ ಬೇರೆ ಕಾಗದವಿರಲಿಲ್ಲವೆಂದಲ್ಲ. ಹುಡುಕಲು ಹೋದರೆ ಎಮೆಲಿನಾಗೆ ಎಚ್ಚರವಾಗುತ್ತದೆ, ಏನು ಹುಡುಕುತ್ತಿದ್ದೀಯೆಂದು ಕೇಳುತ್ತಾಳೆ, ಮದುವೆಯಾಗಿ ನಲವತ್ತೊಂದು ವರ್ಷವಾದ ಹೆಂಡತಿಗೆ ಬೆಳಗಿನ ಐದೂವರೆಗೆ ಸುಳ್ಳು ಹೇಳುವುದು ಸುಲಭವಲ್ಲ. ಅಂಗಳದಲ್ಲಿ ಬೆಣ್ಣೆಹಣ್ಣಿನ ಮರದ ಕೆಳಗೆ ಜಾವಾ ಮೋಟಾರು ಸೈಕಲ್ಲು ನಿಂತಿತ್ತು. ಐದು ವಾರದ ಹಿಂದೆ ತಗಡಿನ ಅಡಿಯಲ್ಲಿ ಕೋಳಿಹಿಕ್ಕೆಯ ನಡುವೆ ಬಿದ್ದಿದ್ದ ತುಕ್ಕಿನ ಮುದ್ದೆ ಅದೇ ಎಂದು ಹೇಳಿದರೆ ಯಾರೂ ನಂಬುವಂತಿರಲಿಲ್ಲ. ಟ್ಯಾಂಕಿನ ಕೆಂಪು ಆ ಮಂದ ಬೆಳಕಿನಲ್ಲೂ ಎದ್ದು ಕಾಣುತ್ತಿತ್ತು. ಅಷ್ಟು ಚೆನ್ನಾಗಿ ಮಾಡಿಕೊಟ್ಟಿದ್ದೇ ಒನೇಲಿಯೊನಿಗೆ ಸರಿಬರುತ್ತಿರಲಿಲ್ಲ.

ಈ ಗಾಡಿಯಲ್ಲಿ ಎಣ್ಣೆಗೆ ಬೇರೆ ಜಾಗವಿಲ್ಲ. ಪೆಟ್ರೋಲಿನಲ್ಲಿಯೇ ಅದನ್ನು ಬೆರೆಸಬೇಕು, ಇಪ್ಪತ್ತೈದು ಪಾಲಿಗೆ ಒಂದು ಪಾಲು. ಬೆರೆಸದಿದ್ದರೆ ಗಾಡಿ ಹೊರಡುವುದಿಲ್ಲವೆಂದಲ್ಲ. ಇನ್ನೂ ಹುರುಪಿನಿಂದ, ಹೊಗೆಯಿಲ್ಲದೆ, ಹಗುರವಾಗಿ ಓಡುತ್ತದೆ. ಐದಾರು ಕಿಲೋಮೀಟರು ಹೋದ ಮೇಲೆ ಒಣಗಿದ ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರಿನ ಗೋಡೆಯನ್ನು ಕಚ್ಚುತ್ತದೆ, ಹಿಂದಿನ ಚಕ್ರ ಒಮ್ಮೆಗೇ ಸ್ತಬ್ಧವಾಗುತ್ತದೆ. ಬೀದಿಗಳೆಲ್ಲ ಬೆಟ್ಟದ ನೆತ್ತಿಯಿಂದ ಕೊಲ್ಲಿಯ ಕಡೆಗೆ ಬಿದ್ದುಕೊಂಡೇ ಇರುವ ಸಾಂತಿಯಾಗೊದಲ್ಲಿ ಹಾಗಾದರೆ ಸವಾರ ಎಲ್ಲಿ ಹೋಗಿ ಬೀಳುತ್ತಾನೆಂದು ಹೇಳಲಾಗದು. ಆಮೇಲೆ ಎಂಜಿನ್ ಬಿಚ್ಚಿದವರಿಗೂ ಯಾರು ಏನು ಮಾಡಿದರೆಂಬುದು ತಿಳಿಯುವುದಿಲ್ಲ. ಹಳೆಯ ಗಾಡಿ, ಅರವತ್ತಾರರ ಸವಾರ, ಮರೆತಿರಬೇಕು ಎನ್ನುತ್ತಾರೆ. ಫೆರ್ಮಿನ್ ಲಾಫಾರ್ಗೆಗೆ ಇದೆಲ್ಲ ತನಗಿಂತ ಚೆನ್ನಾಗಿ ಗೊತ್ತು. ಅದೇ ಗಿರಣಿಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದವನು ಅವನು, ಈಗ ಎಪ್ಪತ್ತು ದಾಟಿದ ಮೇಲೂ ಕ್ಯಾನ್ವಾಸು ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಮನೆಮನೆಯ ಅಂಗಳದಲ್ಲಿ ಸತ್ತ ಗಾಡಿಗಳನ್ನು ಎಬ್ಬಿಸುತ್ತಾನೆ. ಎಮೆಲಿನಾ ಬ್ರೆಡ್ಡಿನ ಸಾಲಿನಲ್ಲಿ ಅವನನ್ನು ಕಂಡು, ಒನೇಲಿಯೊನನ್ನು ಒಂದು ಮಾತೂ ಕೇಳದೆ ಕರೆತಂದಿದ್ದಳು. ಬಂದವನು ತಗಡನ್ನೆತ್ತಿ ಗಾಡಿಯನ್ನು ನೋಡಿದ, ಸೊಂಟಕ್ಕೆ ಕೈಕೊಟ್ಟು ನಿಂತ. "ಎಂಬತ್ತೈದರದ್ದು ಅಲ್ವಾ ಇದು, ಕೊಂಪಾಯ್?" ಎಂದ, ಹಳೆಯ ಗೆಳೆಯರು ಒಬ್ಬರನ್ನೊಬ್ಬರು ಕರೆಯುವ ಹಾಗೆ. ಅಷ್ಟೇ. ಉತ್ತರಕ್ಕೂ ಕಾಯದೆ ಕೂತು ಕಾರ್ಬ್ಯುರೇಟರಿನ ತಿರುಪು ಬಿಚ್ಚಿದ. ಆ ಒಂದು ಪ್ರಶ್ನೆಯನ್ನು ಮಗ್ಗುಲಲ್ಲಿಟ್ಟುಕೊಂಡು ಒನೇಲಿಯೊ ಐದು ವಾರ ಮಲಗಿದ್ದ. ಕೂಲಿಯ ಮಾತೆತ್ತಿದಾಗಲೆಲ್ಲ ಫೆರ್ಮಿನ್ "ಮೊದಲು ಓಡ್ಲಿ" ಎನ್ನುತ್ತಿದ್ದ. ಹುಳಿ ಕಿತ್ತಳೆಯ ರಸ ಸುರಿದು, ಒಳಗೆ ಸರಪಳಿಯ ತುಂಡು ಹಾಕಿ, ಮಗುವನ್ನು ತೂಗಿದಂತೆ ಎರಡು ದಿನ ತೂಗಿ ಟ್ಯಾಂಕಿನ ತುಕ್ಕು ತೆಗೆದ. ಸತ್ತ ಫ್ರಿಜ್ಜಿನ ಕಂಪ್ರೆಸರಿನಿಂದ ಬಣ್ಣ ಹೊಡೆದ. ಎಂಜಿನ್ನಿನ ಸಂದುಗಳಿಗೆ ಗ್ಯಾಸ್ಕೆಟ್ ಸಿಗದೆ ಒನೇಲಿಯೊನ ಹಳೆಯ ನಕ್ಷೆಗಳ ರಟ್ಟನ್ನೇ ಕೇಳಿ ತೆಗೆದುಕೊಂಡು, ಲೋಹದ ಅಂಚಿನ ಮೇಲಿಟ್ಟು ಸುತ್ತಿಗೆಯಿಂದ ಮೆತ್ತಗೆ ತಟ್ಟುತ್ತಾ ಕತ್ತರಿಸಿದ. ಪ್ರತಿಫಲ ಬೇಡದೆ ಇಷ್ಟು ತಾಳ್ಮೆಯಿಂದ ದುಡಿಯುವ ಮನುಷ್ಯ ಬೇರೇನನ್ನೋ ಬೇಡುತ್ತಿರಬೇಕು.

ಆ ವರ್ಷ ಇಡೀ ಗಿರಣಿಗೆ ಬಂದದ್ದು ಒಂದೇ ಮೋಟಾರು ಸೈಕಲ್ಲು. ಯಾರು ಅದಕ್ಕೆ ಅರ್ಹರೆಂದು ನೌಕರರ ಸಭೆಯೇ ತೀರ್ಮಾನಿಸಬೇಕು; ಊಟದ ಕೋಣೆಯಲ್ಲಿ ಬೆಂಚುಗಳನ್ನು ಜೋಡಿಸಿ, ಕಪ್ಪುಹಲಗೆಯ ಮೇಲೆ ಹೆಸರು ಬರೆದು, ಎಷ್ಟು ಹಂಗಾಮು ಕಬ್ಬು ಕಡಿಯಲು ಹೋಗಿದ್ದ, ಎಷ್ಟು ಭಾನುವಾರ ಕೂಲಿಯಿಲ್ಲದೆ ದುಡಿದ, ಎಷ್ಟು ಸಲ ತಡವಾಗಿ ಬಂದ ಎಂದು ಎಲ್ಲರೆದುರಿಗೆ ಎಣಿಸಿದರು. ಮಧ್ಯಾಹ್ನದ ಹೊತ್ತಿಗೆ ಹಲಗೆಯ ಮೇಲೆ ಎರಡೇ ಹೆಸರು ಉಳಿದವು: ಲಾಫಾರ್ಗೆ, ದೆಸ್ಪಾಯ್ನೆ. ಫೆರ್ಮಿನ್ ಐದು ಹಂಗಾಮು ಕಬ್ಬು ಕಡಿದಿದ್ದ, ಒನೇಲಿಯೊ ಎರಡು. ಎಮೆಲಿನಾ ಏಳು ತಿಂಗಳ ಬಸುರಿ. ಮನೆಯಿರುವುದು ಬೆಟ್ಟದ ನೆತ್ತಿಯ ಮೇಲೆ. ಒನೇಲಿಯೊ ನೋಟುಬುಕ್ಕಿನಿಂದ ಹಾಳೆಯ ತುಂಡೊಂದನ್ನು ಹರಿದು, ತೊಡೆಯ ಮೇಲಿಟ್ಟು, ಒಂದೇ ಸಾಲು ಬರೆದು, ಹೆಸರು ಹಾಕದೆ ಮಡಿಸಿ, ಹಿಂದಿನಿಂದ ಬಂದದ್ದೆನ್ನುವಂತೆ ಮುಂದಿನ ಬೆಂಚಿಗೆ ದಾಟಿಸಿದ. ಅದು ಕೈಯಿಂದ ಕೈಗೆ ಹೋಗಿ ಸಂಘದ ಕಾರ್ಯದರ್ಶಿಯನ್ನು ಮುಟ್ಟಿತು. ಆತ ಕನ್ನಡಕ ಹಾಕಿಕೊಂಡು ಓದಿದ: "ಒಬ್ಬ ಸಂಗಾತಿ ಕೇಳ್ತಿದಾರೆ. ಸಂಗಾತಿ ಲಾಫಾರ್ಗೆಗೆ ಮಿಯಾಮಿಯಿಂದ ಪತ್ರ ಬರೋದು ನಿಜವೋ?" ಎಂಬತ್ತರಲ್ಲಿ ದೋಣಿ ಹತ್ತಿ ಹೋದ ಅಣ್ಣ. ದೇಶ ಬಿಟ್ಟು ಹೋದವರ ಜೊತೆ ಪತ್ರವ್ಯವಹಾರ ಆ ಕಾಲದಲ್ಲಿ ಸಣ್ಣ ಮಾತಾಗಿರಲಿಲ್ಲ; ದ್ರೋಹದ ಗುಮಾನಿಗೆ ಅಷ್ಟೇ ಸಾಕಿತ್ತು. ಫೆರ್ಮಿನ್ ಎದ್ದು ನಿಂತ. "ನಿಜ. ನನ್ನ ಅಣ್ಣ," ಎಂದು ಹೇಳಿ ಕೂತ. ಚೀಟಿ ಬರೆದವರು ಯಾರೆಂದು ನೋಡಲು ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಒನೇಲಿಯೊ ಕೂಡ ಎಲ್ಲರ ಜೊತೆಗೆ ತಲೆ ತಿರುಗಿಸಿ ಹಿಂದೆ ನೋಡಿದ್ದ. ಆ ತಿರುಗಿಸಿದ ಕುತ್ತಿಗೆಯನ್ನು ನೆನೆದಾಗಲೆಲ್ಲ, ಇಂದಿಗೂ, ಅವನ ಕಿವಿಯ ಹಿಂದೆ ಬಿಸಿಯಾಗುತ್ತದೆ. ಆಮೇಲೆ ದೆಸ್ಪಾಯ್ನೆಯ ಹೆಸರಿಗೆ ಕೈಗಳು ಎದ್ದವು. ಒಮ್ಮತವಾಗಲೆಂದು ಫೆರ್ಮಿನ್ ತನ್ನ ಮಸಿಹಿಡಿದ ಕೈಯನ್ನೂ ಎತ್ತಿದ. ಅವನನ್ನು ಯಂತ್ರಕೋಣೆಯಿಂದ ತೆಗೆದು ಎರಡು ವರ್ಷ ಮೂಟೆ ಹೊರಲು ಹಾಕಿದರು. ಆ ಪತ್ರಗಳ ಸಂಗತಿ ಒನೇಲಿಯೊನಿಗೆ ಹೇಗೆ ತಿಳಿದಿತ್ತೆಂದರೆ, ಸ್ಟ್ಯಾಂಪು ಕೂಡಿಡುವ ಚಟವಿದ್ದ ತನಗೆಂದು ಫೆರ್ಮಿನ್ ಒಂದು ಊಟದ ಹೊತ್ತಿನಲ್ಲಿ ಅಣ್ಣನ ಲಕೋಟೆಯಿಂದ ಹಕ್ಕಿಯ ಚಿತ್ರದ ಸ್ಟ್ಯಾಂಪೊಂದನ್ನು ಹರಿದು, ನಗುತ್ತಾ, ತಂದುಕೊಟ್ಟಿದ್ದ. ಅಷ್ಟನ್ನು ಅವನು ಮರೆತಿರಬಹುದೆ? ಮರೆತಂತೆ ನಟಿಸುತ್ತಿರಬಹುದೆ?

ನಿನ್ನೆ ಸಂಜೆ ಕೊನೆಯ ಬೋಲ್ಟು ಬಿಗಿದ ಮೇಲೆ ಒನೇಲಿಯೊ ಬೇಕೆಂದೇ ಹೇಳಿದ್ದ: "ನಾಳೆ ಮೊದಲು ನೀನೇ ಓಡಿಸು." ಕುತಂತ್ರ ಮಾಡಿದವನಾದರೆ ಹಿಂಜರಿಯುತ್ತಾನೆಂದು ಲೆಕ್ಕ. ಫೆರ್ಮಿನ್ ಮರುಕ್ಷಣವೇ ಒಪ್ಪಿದ. ಆ ಬೇಗನೆಯ ಒಪ್ಪಿಗೆ ರಾತ್ರಿಯೆಲ್ಲ ಬೆಳೆಯಿತು. ಮೂಲೆಯವರೆಗೆ ಹೋಗಿ ಬರುತ್ತಾನೆ, ಅಷ್ಟು ದೂರಕ್ಕೆ ಏನೂ ಆಗುವುದಿಲ್ಲ, ಸರಿಯಾಗಿದೆ ತಗೋ ಎಂದು ಕೈಗೆ ಕೊಡುತ್ತಾನೆ. ಆಮೇಲೆ ಎಮೆಲಿನಾಳ ಅಕ್ಕನ ಊರು ಎಲ್ ಕಾನೇಯ್‌ವರೆಗಿನ ದೊಡ್ಡ ದಾರಿ ತನ್ನದು. ಹಾಗೆಂದು ತಿಳಿದೇ ಒನೇಲಿಯೊ ಬೆಳಗಿನ ಜಾವ ಎದ್ದು, ಟ್ಯಾಂಕಿನ ಕೊಳಾಯಿಗೆ ನಳಿಗೆ ಚುಚ್ಚಿ, ಫೆರ್ಮಿನ್ ತುಂಬಿದ್ದನ್ನು ಕಡೆಯ ಹನಿಯವರೆಗೆ ಡಬ್ಬಕ್ಕೆ ಬಸಿದು ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಅಡಗಿಸಿದ್ದ. ಕಾಗದದ ಮೇಲೆ ಹಾಕಿ ನೋಡಿದ ಹನಿ ಅದರದೇ. ಅದರ ಬದಲಿಗೆ, ಸರ್ಕಾರಿ ಕಾರಿನ ಡ್ರೈವರೊಬ್ಬನಿಂದ ಕಾಡಿ ಪಡೆದು ಮಂಚದ ಕೆಳಗಿಟ್ಟಿದ್ದ ಮೂರು ಲೀಟರ್ ಪೆಟ್ರೋಲನ್ನು ಟ್ಯಾಂಕಿಗೆ ಸುರಿದ. ಮೂರು ಲೀಟರಿಗೆ ನೂರಿಪ್ಪತ್ತು ಮಿಲಿಲೀಟರು ಎಣ್ಣೆ. ಕಷಾಯದ ಗೆರೆಹಾಕಿದ ಗಾಜಿನ ಲೋಟದಲ್ಲಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ನಕ್ಷೆಗಾರನಿಗೆ ತಕ್ಕ ಹಾಗೆ ಅಳೆದುಕೊಂಡ. ಸೀಸೆಯಲ್ಲಿದ್ದದ್ದು ಅಷ್ಟೇ. ಆಗ ಅಡಿಗೆಮನೆಯ ಬಾಗಿಲು ಕಿರುಗುಟ್ಟಿತು. "ಮುದುಕಾ, ಬೆಂಕಿಪೊಟ್ಟಣ ಎಲ್ಲಿ?" ಎಂದಳು ಎಮೆಲಿನಾ. ಲೋಟವನ್ನು ಕಲ್ಲಿನ ಮೇಲಿಟ್ಟದ್ದು ನೆನಪಿದೆ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದುಕೊಟ್ಟದ್ದು ನೆನಪಿದೆ. ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ ಅಂಗೈಗೆ ಆದ ತಂಪು ಕೂಡ ನೆನಪಿದೆ. ನಡುವೆ ಲೋಟವನ್ನೆತ್ತಿ ಸುರಿದದ್ದು ಮಾತ್ರ, ಎಷ್ಟು ತಡಕಿದರೂ, ನೆನಪಿಲ್ಲ.

ಅವನು ಅಡಿಗೆಮನೆಗೆ ಹೋದ. ಲೋಟ ತೊಳೆದು ಬೋರಲು ಹಾಕಿತ್ತು.

"ಇದನ್ನ ನೀನು ತೊಳೆದ್ಯಾ?"

"ಮತ್ತೆ ನಿಮ್ಮಮ್ಮ ಬಂದು ತೊಳೆದಿದ್ಲಾ? ಒಗೆಯೋ ಕಲ್ಲಿನ ಮೇಲೆ ಉರುಳಿ ಬಿದ್ದಿತ್ತು. ಜಿಡ್ಡು."

"ಉರುಳಿತ್ತಾ? ಅದರಲ್ಲಿ ಏನಾದ್ರೂ ಇತ್ತಾ?"

"ಆ ಕತ್ತಲಲ್ಲಿ ನಂಗೇನು ಕಾಣುತ್ತೆ? ಜಿಡ್ಡಿತ್ತು, ತೊಳೆದೆ. ಕಷಾಯದ ಲೋಟದಲ್ಲಿ ಗಾಡಿ ಎಣ್ಣೆ ಅಳೆಯೋ ಗಂಡನ್ನ ಕಟ್ಟಿಕೊಂಡ ಮೇಲೆ ತೊಳೆಯೋದೇ ನನ್ನ ಹಣೆಬರಹ."

ಖಾಲಿಯಾದ ಲೋಟ ಉರುಳಿತ್ತೋ, ಉರುಳಿ ಖಾಲಿಯಾಯಿತೋ? ಒನೇಲಿಯೊ ಅಂಗಳಕ್ಕೆ ಓಡಿದ. ಕಲ್ಲಿನ ಮೇಲೆ ಎಮೆಲಿನಾ ಆಗಲೇ ನೀರು ಹೊಯ್ದು ಉಜ್ಜಿದ್ದಳು. ಬಸಿದಿಟ್ಟ ಡಬ್ಬವನ್ನೇ ತಿರುಗಿ ತುಂಬಿಬಿಡೋಣವೆಂದು ಬಾಗಿದ. ಅಷ್ಟರಲ್ಲಿ ಬೀದಿಬಾಗಿಲಿನಿಂದ ಫೆರ್ಮಿನ್‌ನ ದನಿ ಕೇಳಿತು.

"ಎದ್ದಾಯ್ತಾ ಮದುಮಗ? ಇವತ್ತು ಮೆರವಣಿಗೆ. ಗಡ್ಡ ಹೆರೆದ್ಯೋ ಇಲ್ವೋ?"

"ಬಾ ಫೆರ್ಮಿನ್, ಕಾಫಿ ಆಗಿದೆ," ಎಂದಳು ಎಮೆಲಿನಾ. "ಕಾಫಿ ಅಂದ್ರೆ ಮುಕ್ಕಾಲು ಹುರಿದ ಬಟಾಣಿ ಪುಡಿ. ಬೈಬೇಡ."

"ನಿನ್ನ ಕೈಯಲ್ಲಿ ಬಟಾಣೀನೂ ಕಾಫಿನೇ ತಾಯಿ. ಆ ಜ್ವರ ಬಂದು ಹೋದಾಗಿನಿಂದ ನನ್ನ ಮೂಗು ಸತ್ತಿದೆ. ನಂಗೆ ಎರಡೂ ಒಂದೇ."

ಮೊದಲ ಲೋಟ ಅವನಿಗೆ ಸಂದಿತು. ಒನೇಲಿಯೊ ಅದನ್ನು ಗಮನಿಸಿದ. ಫೆರ್ಮಿನ್ ಕಾಫಿಯನ್ನು ನಿಂತೇ ಕುಡಿದು, ಗಾಡಿಯನ್ನು ಸ್ಟ್ಯಾಂಡಿನಿಂದಿಳಿಸಿ ಬೀದಿಗೆ ತಳ್ಳಿಕೊಂಡು ಹೊರಟ. ಹಿಡಿದ ಹ್ಯಾಂಡಲನ್ನು ಮತ್ತೆ ಬಿಡಲಿಲ್ಲ; ಡಬ್ಬ ಕಲ್ಲಿನ ಹಿಂದೆಯೇ ಉಳಿಯಿತು. ಎದುರುಮನೆಯ ಹೊಸ್ತಿಲಲ್ಲಿ ಮುದುಕಿ ಚೀಚಾ ಕುರ್ಚಿ ಹಾಕಿ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಬೀದಿಯಲ್ಲಿ ನಡೆಯುವ ಯಾವುದೂ ಅವಳಿಲ್ಲದೆ ನಡೆಯುವಂತಿರಲಿಲ್ಲ.

"ಏ ಫೆರ್ಮಿನ್, ಆ ಹೆಣಕ್ಕೆ ಬಣ್ಣ ಬಳಿದು ಎಲ್ಲಿಗೆ ಹೊರಟೆ? ಅದು ಗುಡುಗಿದ್ರೆ ನನ್ನ ಕೋಳಿ ಮೊಟ್ಟೆ ಇಡೋದು ಬಿಡುತ್ತೆ, ಈಗ್ಲೇ ಹೇಳಿದೀನಿ."

"ನಿನ್ನ ಕೋಳಿ ಹುಂಜ ಅಂತ ಇಡೀ ಬೀದಿಗೇ ಗೊತ್ತು ಚೀಚಾ. ನಿಂಗೊಬ್ಬಳಿಗೇ ಯಾರೂ ಹೇಳಿಲ್ಲ."

ಎಮೆಲಿನಾ ಬಾಗಿಲಿಗೆ ಬಂದು ಕೈಯೊರಸಿಕೊಳ್ಳುತ್ತಾ ನಿಂತಳು. "ಫೆರ್ಮಿನ್, ಎಲ್ಲೀವರೆಗೆ ಹೋಗ್ತೀಯ?"

"ಎಲ್ ಕಾನೇಯ್‌ವರೆಗೆ ಹೋಗಿ ಬರ್ಬೇಕು. ಮೂಲೆಗೆ ಹೋಗಿ ಬಂದ್ರೆ ಏನು ಗೊತ್ತಾಗುತ್ತೆ? ಏರು ಹತ್ತಿಸ್ಬೇಕು. ಹಿಂದೆ ಒಬ್ರು ಕೂತ್ರೆ ಇನ್ನೂ ಒಳ್ಳೇದು, ಭಾರ ಬಿದ್ರೆ ಕ್ಲಚ್ಚು ನಿಜ ಹೇಳುತ್ತೆ."

"ನಾನು ಕೂರ್ತೀನಿ. ನನ್ನಕ್ಕನ್ನ ನೋಡಿ ಹತ್ತು ತಿಂಗಳಾಯ್ತು. ಬಸ್ಸಂತೂ ಬರಲ್ಲ."

ಮೂಲೆಯವರೆಗೆ ಹೋಗಿ ಮರಳಿ ಬರುವ ಮನುಷ್ಯನಾಗಿ ರಾತ್ರಿಯೆಲ್ಲ ಕಲ್ಪಿಸಿಕೊಂಡಿದ್ದ ಫೆರ್ಮಿನ್, ಹೀಗೆ, ತನಗೇನೂ ಗೊತ್ತೇ ಇಲ್ಲದವನಂತೆ, ಎಮೆಲಿನಾಳನ್ನು ಕೂರಿಸಿಕೊಂಡು ಬೆಟ್ಟದ ದಾರಿಗೆ ಹೊರಟು ನಿಂತದ್ದನ್ನು ಒನೇಲಿಯೊ ನೋಡಿದ. ಕುತಂತ್ರಿಯೇ ಆಗಿದ್ದರೆ ಅವಳನ್ನು ಕೂರಿಸಿಕೊಳ್ಳುತ್ತಿದ್ದನೆ? ಕುತಂತ್ರಿಯಲ್ಲದಿದ್ದರೆ ಡಬ್ಬದಲ್ಲಿ ಅಡಗಿಸಿಟ್ಟದ್ದು ಒಳ್ಳೆಯ ಪೆಟ್ರೋಲು, ಟ್ಯಾಂಕಿನಲ್ಲಿರುವುದು ತಾನು ತುಂಬಿದ್ದು.

"ಹಿಂದಿನ ಟೈರಲ್ಲಿ ಗಾಳಿ ಕಮ್ಮಿ ಅನ್ಸುತ್ತೆ," ಎಂದ.

ಫೆರ್ಮಿನ್ ಹೆಬ್ಬೆರಳಿನಿಂದ ಒತ್ತಿದ. "ಕಲ್ಲಿದ್ದ ಹಾಗಿದೆ."

"ಪಿಸ್ಟನ್ನಿಗೆ ಹೊಸ ರಿಂಗು ಹಾಕಿದ್ದೀಯಲ್ಲ. ಎಣ್ಣೆ ಇನ್ನೊಂದು ಚೂರು ಹಾಕೋದು ಒಳ್ಳೇದಲ್ವಾ?"

"ಹೊಸ ರಿಂಗು ಅಂತಲೇ ನಿನ್ನೆ ಒಂದು ಕೈ ಮೇಲಾಗೇ ಹಾಕಿದ್ದೀನಿ. ಇನ್ನೂ ಹಾಕಿದ್ರೆ ಪ್ಲಗ್ಗು ಕಟ್ಕೊಂಡು ದಾರಿ ಮಧ್ಯ ಕೂರುತ್ತೆ. ಯಾಕೆ, ನನ್ನ ಹಾಲಿನ ಡಬ್ಬಿ ಅಳತೆ ನಕ್ಷೆಗಾರರಿಗೆ ಸರಿಹೋಗ್ಲಿಲ್ವಾ?" ಅವನು ಎಣ್ಣೆ ಅಳೆಯುತ್ತಿದ್ದದ್ದು ಗಟ್ಟಿಹಾಲಿನ ಖಾಲಿ ಡಬ್ಬಿಯಲ್ಲಿ, ಒಳಬದಿಗೆ ಮೊಳೆಯಿಂದ ಗೀಚಿದ ಗುರುತಿನವರೆಗೆ. ಚೀಚಾ ಕಿಸಕ್ಕನೆ ನಕ್ಕಳು.

"ಹಾಗಾದ್ರೆ ನಾನೇ ಓಡಿಸ್ತೀನಿ. ಎಮೆಲಿನಾನ ನಾನೇ ಕರ್ಕೊಂಡು ಹೋಗ್ತೀನಿ."

"ಹನ್ನೊಂದು ವರ್ಷದಿಂದ ಹ್ಯಾಂಡಲ್ ಮುಟ್ಟದವನ ಹಿಂದೆ ನಾನು ಕೂರಲ್ಲಪ್ಪ," ಎಂದಳು ಎಮೆಲಿನಾ. "ನಿನ್ನೆ ಮೆಟ್ಟಿಲಿಳಿಯೋಕೆ ನನ್ನ ಹೆಗಲು ಹಿಡ್ಕೊಂಡವನು ನೀನು. ಒಂದ್ನಿಮಿಷ ಇರಿ, ಚಪ್ಪಲಿ ಬದಲಾಯಿಸ್ಕೊಂಡು ಬಂದೆ."

ಚೀಚಾ ಈ ಸಲ ಮುಚ್ಚುಮರೆಯಿಲ್ಲದೆ ನಕ್ಕಳು. ಬಿಸಿಯೇರಿದ ಮುಖವನ್ನು ಒನೇಲಿಯೊ ಪಕ್ಕಕ್ಕೆ ತಿರುಗಿಸಿಕೊಂಡ. ಫೆರ್ಮಿನ್ ಗೇರಿನ ಲಿವರನ್ನು ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದ; ಈ ಗಾಡಿಯಲ್ಲಿ ಕಿಕ್ ಹೊಡೆಯುವ ಲಿವರೂ ಅದೇ. ಮೂರನೆಯ ತುಳಿತಕ್ಕೆ ಎಂಜಿನ್ ಎದ್ದಿತು. ಹನ್ನೊಂದು ವರ್ಷದ ನಂತರ ಆ ಎರಡು ಸಿಲಿಂಡರುಗಳ ಸದ್ದು ಬೀದಿಯ ಎರಡೂ ಗೋಡೆಗಳಿಗೆ ಬಡಿದು ಬಂದಾಗ ಒನೇಲಿಯೊನ ಕಣ್ಣು ಅವನಿಗರಿವಿಲ್ಲದೆ ಒದ್ದೆಯಾಯಿತು. ನೀಲಿ ಹೊಗೆ ದಟ್ಟವಾಗಿ ಎದ್ದು ಚೀಚಾಳ ಅಕ್ಕಿಯ ತಟ್ಟೆಯವರೆಗೆ ಹೋಯಿತು. ಹೊಗೆಯಿದೆ, ಎಣ್ಣೆಯಿದೆ, ಸುರಿದಿದ್ದೇನೆ. ಎದೆ ಹಗುರಾಯಿತು. ಆದರೆ ನಳಿಗೆಯಲ್ಲೂ ಕಾರ್ಬ್ಯುರೇಟರಿನ ಬಟ್ಟಲಲ್ಲೂ ಫೆರ್ಮಿನ್ ಬೆರೆಸಿದ್ದ ಹಳೆಯದು ಉಳಿದೇ ಇರುತ್ತದೆ, ಅದು ತೀರುವವರೆಗಿನ ಹೊಗೆ ಏನನ್ನೂ ಸಾಧಿಸುವುದಿಲ್ಲ ಎಂಬುದು ಮರುಕ್ಷಣ ಹೊಳೆಯಿತು. ಕಣ್ಣು ಕೀಳದೆ ನೋಡುತ್ತಾ ನಿಂತ. ನೀಲಿ ತೆಳುವಾಯಿತು. ಬೂದುಬಣ್ಣಕ್ಕಿಳಿಯಿತು. ಎಮೆಲಿನಾ ತಲೆಗೆ ಹಳದಿ ವಸ್ತ್ರ ಕಟ್ಟಿಕೊಂಡು ಹೊರಬರುವ ಹೊತ್ತಿಗೆ ಹೊಗೆಕೊಳವೆಯ ಬಾಯಲ್ಲಿ ಬಿಸಿಗಾಳಿಯ ನಡುಕವಲ್ಲದೆ ಬೇರೇನೂ ಕಾಣಿಸುತ್ತಿರಲಿಲ್ಲ.

"ಅಬ್ಬಾ, ಹೊಗೇನೇ ಇಲ್ವಲ್ಲ!" ಎಂದಳು ಚೀಚಾ. "ಫೆರ್ಮಿನ್, ನೀನು ಮಾಂತ್ರಿಕ ಕಣಯ್ಯಾ. ಹೊಸ ಗಾಡಿ ಹಾಗಿದೆ!"

ಫೆರ್ಮಿನ್ ನಕ್ಕ. ಒಮ್ಮೆ ಹಿಂದೆ ಬಾಗಿ ಕೊಳವೆಯ ಕಡೆ ನೋಡಿದ, ಹುಬ್ಬು ಗಂಟಿಕ್ಕಿತೋ ಇಲ್ಲವೋ ಎಂಬಷ್ಟು. ಎಮೆಲಿನಾ ಹತ್ತಿ ಕೂತು ಅವನ ಹೆಗಲ ಮೇಲೆ ಎರಡೂ ಕೈ ಇಟ್ಟಳು. ಗೇರು ಬಿದ್ದ ಸದ್ದು ಕೇಳಿತು. ಈಗ ಸುಮ್ಮನಿದ್ದರೆ ಸುರಿದಿರಲೂಬಹುದು. ಸುರಿದಿದ್ದರೆ ಏನೂ ಆಗುವುದಿಲ್ಲ. ಎಂಟು ಗಂಟೆಗೆ ಹೋದವರು ಹತ್ತಕ್ಕೆ ಮಾವಿನಹಣ್ಣು ಹಿಡಿದು ಬರುತ್ತಾರೆ, ತಾನು ಡಬ್ಬವನ್ನು ಚರಂಡಿಗೆ ಚೆಲ್ಲುತ್ತೇನೆ, ಮೂವತ್ತೆಂಟು ವರ್ಷ ನಡೆದದ್ದು ಇನ್ನು ಹತ್ತು ವರ್ಷ ನಡೆಯುತ್ತದೆ. ಮಾತಾಡಿದರೆ ಯಾಕೆ ಬಸಿದೆ ಎನ್ನುತ್ತಾರೆ. ಆ 'ಯಾಕೆ'ಯ ಹಿಂದೆ ಒಂದೇ ಉತ್ತರವಿದೆ. ಗಾಡಿ ಒಂದು ಮೊಳ ಮುಂದೆ ಸರಿದಾಗ ಒನೇಲಿಯೊನ ಕೈ ಹ್ಯಾಂಡಲನ್ನು ಹಿಡಿದಿತ್ತು.

"ಇಳಿ."

"ಏನಾಯ್ತು?"

"ಎಣ್ಣೆ ಇಲ್ಲ ಅದರಲ್ಲಿ."

"ನಾನೇ ಹಾಕಿದೀನಿ ಅಂದ್ನಲ್ಲ ಮಾರಾಯ."

"ನೀನು ಹಾಕಿದ್ದನ್ನ ಬೆಳಿಗ್ಗೆ ನಾನು ಬಸಿದೆ. ಬೇರೆ ಪೆಟ್ರೋಲ್ ತುಂಬಿದೆ. ಎಣ್ಣೆ ಸುರಿದ್ನೋ ಇಲ್ವೋ ನಂಗೆ ನೆನಪಿಲ್ಲ."

ಫೆರ್ಮಿನ್ ಎಂಜಿನ್ ಆರಿಸಿದ. ಚೀಚಾಳ ತಟ್ಟೆಯಲ್ಲಿ ಅಕ್ಕಿ ಸರಿದಾಡುವ ಸದ್ದು ಸಹ ನಿಂತಿತು.

"ಬಸಿದ್ಯಾ? ಯಾಕೆ?"

"ನೀನು ಮರೆತಿರ್ತೀಯ ಅಂತ."

"ಐವತ್ತು ವರ್ಷದಲ್ಲಿ ನಾನು ಎಣ್ಣೆ ಮರೆತಿಲ್ಲ ಒನೇಲಿಯೊ. ಮರೆತಿರ್ತೀನಿ ಅಂತ ಅನ್ಸಿದ್ರೆ ಕೇಳ್ತಿದ್ದೆ ನೀನು. ಕದ್ದು ಬಸೀತಿರ್ಲಿಲ್ಲ."

ಒನೇಲಿಯೊ ಹ್ಯಾಂಡಲಿನಿಂದ ಕೈ ತೆಗೆದ. ತೆಗೆದ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಬೇಕಂತಲೇ ಹಾಕಿರಲ್ಲ ಅಂದ್ಕೊಂಡೆ. ಆ ಚೀಟಿ... ಸಭೆಯಲ್ಲಿ ಓದಿದ್ರಲ್ಲ. ಅದನ್ನ ಬರೆದವನು ನಾನು."

ಬೈಗುಳಕ್ಕೂ ಹೊಡೆತಕ್ಕೂ ಅವನು ಸಿದ್ಧನಾಗಿದ್ದ; ಗೊತ್ತಿತ್ತು ಎಂಬ ಮಾತಿಗೂ ಸಿದ್ಧನಾಗಿದ್ದ. ಫೆರ್ಮಿನ್ ಎಮೆಲಿನಾ ಇಳಿಯುವವರೆಗೆ ಗಾಡಿಯನ್ನು ಗಟ್ಟಿಯಾಗಿ ಹಿಡಿದು ನಿಂತ. ಆಮೇಲೆ ಚೀಲದಿಂದ ಎಣ್ಣೆಯ ಸೀಸೆಯನ್ನೂ ಹಾಲಿನ ಡಬ್ಬಿಯನ್ನೂ ತೆಗೆದು ಗುರುತಿನವರೆಗೆ ಸುರಿದ, ಒಳಗೆ ಬೆಳಕು ಬೀಳುವಂತೆ ಸೂರ್ಯನ ಕಡೆ ಓರೆಮಾಡಿ ನೋಡಿದ, ಟ್ಯಾಂಕಿನ ಮುಚ್ಚಳ ತೆಗೆದು ನಿಧಾನವಾಗಿ ಹೊಯ್ದ. ಮುಚ್ಚಿದ ಮೇಲೆ ಎರಡೂ ಕೈಯಿಂದ ಗಾಡಿಯನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ಬೆರೆಸತೊಡಗಿದ. ಟ್ಯಾಂಕಿನೊಳಗೆ ಅಲೆಯೇಳುವುದು ಕೇಳಿಸುತ್ತಿತ್ತು.

"ನಿಂಗೆ ಹೇಗೆ ಗೊತ್ತಾಯ್ತು, ಪತ್ರದ ವಿಷಯ?" ಎಂದ, ಅಲ್ಲಾಡಿಸುತ್ತಲೇ.

"ನೀನೇ ಕೊಟ್ಟಿದ್ದೆ. ಸ್ಟ್ಯಾಂಪು. ಊಟದ ಹೊತ್ತಲ್ಲಿ."

"ಸ್ಟ್ಯಾಂಪು." ಕೈ ನಿಂತಿತು. "ಹಡಗಿನದ್ದಾ?"

"ಹಕ್ಕಿಯದ್ದು."

"ಹಕ್ಕಿಯದ್ದು. ಹೂಂ. ಕೊಟ್ಟಿದ್ದೆ." ಫೆರ್ಮಿನ್ ಟ್ಯಾಂಕಿನ ಮೇಲೆ ಕೈಯೂರಿದ. "ಪತ್ರ ಬರ್ತಾ ಇದ್ದದ್ದು ಬೆನಿಗ್ನೊ ಮನೆ ವಿಳಾಸಕ್ಕೆ. ನನ್ನ ಮದುವೇಲಿ ಪಕ್ಕ ನಿಂತವನು, ಬಾಯ್ಲರಿನ ಬೆನಿಗ್ನೊ. ಅವನೊಬ್ಬನಿಗೇ ಗೊತ್ತು ಅಂತಿದ್ದೆ ನಾನು. ಇನ್ಯಾರು ಬರೀತಾರೆ? ಅವತ್ತಿಂದ ಮಾತು ಬಿಟ್ಟೆ. ಅವನು ಎರಡು ಸಲ ಬಾಗಿಲಿಗೆ ಬಂದ, ತೆಗೀಲಿಲ್ಲ. ಬೀದೀಲಿ ಎದುರಾದ್ರೆ ಆ ಕಡೆ ದಾಟ್ಕೊಂಡು ಹೋಗ್ತಿದ್ದೆ. ನಾಲ್ಕು ವರ್ಷ ಆಯ್ತು ಅವನು ಸತ್ತು. ಹೆಣ ಎತ್ತೋ ದಿನ ಅವನ ಹೆಂಡತಿ ಸೊಯ್ಲಾ ಹೇಳಿಕಳಿಸಿದ್ಲು, ಬಾ ಅಂತ. ಹೋಗ್ಲಿಲ್ಲ ನಾನು."

ಸಭೆಯ ಆ ಮಧ್ಯಾಹ್ನ, ತಲೆಗಳೆಲ್ಲ ಹಿಂದಕ್ಕೆ ತಿರುಗಿದಾಗ, ಫೆರ್ಮಿನ್‌ನ ತಲೆ ಮಾತ್ರ ಪಕ್ಕಕ್ಕೆ ತಿರುಗಿತ್ತು. ಪಕ್ಕದಲ್ಲಿ ಕೂತಿದ್ದ ಬೆನಿಗ್ನೊನ ಮುಖದ ಮೇಲೆ ಅವನ ದೃಷ್ಟಿ ಹೋಗಿ ನೆಟ್ಟದ್ದನ್ನು ಒನೇಲಿಯೊ ಮರಳಿ ಮುಂದಕ್ಕೆ ತಿರುಗುವಾಗ ಕಂಡಿದ್ದ. ಕಂಡು, ಉಸಿರು ಬಿಟ್ಟಿದ್ದ. ಆ ಉಸಿರನ್ನು ಇಷ್ಟು ವರ್ಷ ಅವನು ಒಂದು ಸಲವೂ ನೆನಪಿಗೆ ತಂದುಕೊಂಡಿರಲಿಲ್ಲ. ಹಾಗಿದ್ದೂ, ಈಗಲೂ, ಇಲ್ಲೇ ನಿಂತು, ಫೆರ್ಮಿನ್ ಹೇಳುತ್ತಿರುವುದು ನಿಜವೋ ಅಥವಾ ತನ್ನನ್ನು ಇನ್ನಷ್ಟು ಆಳಕ್ಕೆ ಅದ್ದಲು ಕಟ್ಟಿದ ಮಾತೋ ಎಂದು ತೂಗುತ್ತಿರುವ ಮನಸ್ಸೊಂದು ತನ್ನೊಳಗೆ ಕೆಲಸ ನಿಲ್ಲಿಸದೆ ಕೂತಿರುವುದನ್ನು ಕಂಡು ಅವನಿಗೆ ಹೇಸಿಗೆಯಾಯಿತು.

ಎಮೆಲಿನಾ ತಲೆಯ ವಸ್ತ್ರ ಬಿಚ್ಚಿದಳು. "ನಾನು ಈ ಗಾಡಿ ಮೇಲೆ ಆಸ್ಪತ್ರೆಗೆ ಹೋಗಿ ಹೆತ್ತು ಬಂದೆ ಒನೇಲಿಯೊ," ಎಂದಳು. ಮದುವೆಯಾದಾಗಿನಿಂದ ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಬೆರಳೆಣಿಕೆಯಷ್ಟು ಸಲ. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಚೀಚಾ ಕುರ್ಚಿಯನ್ನು ಎತ್ತಿಕೊಳ್ಳಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಇಲ್ಲದ ಕಲ್ಲನ್ನು ಅಕ್ಕಿಯಲ್ಲಿ ಹುಡುಕುತ್ತಾ ಕೂತಳು.

"ಎಣ್ಣೆ ಹಾಕಿದೆ," ಎಂದ ಫೆರ್ಮಿನ್. "ಈ ಸಲ ಕಣ್ಣಾರೆ ನೋಡಿದೀಯ. ಹತ್ತು. ನೀನು ಓಡಿಸು. ಭಾರಕ್ಕೆ ನಾನು ಕೂರ್ತೀನಿ."

"ಎಲ್ಲಿಗೆ?"

"ಸೊಯ್ಲಾ ಮನೆಗೆ."

ಬೆನ್ನ ಹಿಂದೆ ಅವನು ಕೂತಾಗ ಗಾಡಿ ತಗ್ಗಿತು. ಫೆರ್ಮಿನ್ ಹೆಗಲನ್ನು ಹಿಡಿಯಲಿಲ್ಲ, ಸೊಂಟವನ್ನೂ ಹಿಡಿಯಲಿಲ್ಲ. ಸೀಟಿನ ಹಿಂದಿನ ಕಂಬಿಯನ್ನು ಹಿಡಿದಿರಬೇಕು. ಕನ್ನಡಿಯಲ್ಲಿ ಅವನ ಮೊಣಕೈಯೂ ಒಂದು ಚೂರು ಆಕಾಶವೂ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಹೊಗೆ ನೀಲಿಯಾಗಿ, ಧಾರಾಳವಾಗಿ ಹಿಂದೆ ಉಳಿಯಿತು. ಇಳಿಜಾರು ಕಾಲಡಿಯಿಂದ ಜಾರಿದಂತೆ ಶುರುವಾಯಿತು, ಮನೆಗಳ ನಡುವೆ ದೂರದ ಕೊಲ್ಲಿ ತಗಡಿನ ತುಂಡಿನ ಹಾಗೆ ಹೊಳೆದು ಮರೆಯಾಗುತ್ತಿತ್ತು. ಎಡಕ್ಕೆ ತಿರುವು ಬಂತು. ಹಿಂದೆ ಕೂತವನು ಜೊತೆಗೆ ವಾಲದೆ ನೆಟ್ಟಗೆ ಕೂತರೆ ಸಾಕು, ಈ ಜಲ್ಲಿಯ ಮೇಲೆ ಇಬ್ಬರೂ ಮುಗಿದಂತೆ. ಅದಕ್ಕೆ ಎಣ್ಣೆ ಬೇಡ, ಯಾವ ತಂತ್ರವೂ ಬೇಡ. ಬೆನ್ನೆಲುಬೆಲ್ಲ ಕಿವಿಯಾಗಿ ಅವನು ಹಿಂದಿನ ಭಾರಕ್ಕೆ ಕಾದ. ಭಾರ ವಾಲಿತು, ಬೇಕಾದಷ್ಟೇ.

"ಎರಡನೇ ಗೇರಿಗೆ ಇಳಿಸು," ಎಂದಿತು ಕಿವಿಯ ಹಿಂದಿನ ದನಿ. "ಬ್ರೇಕನ್ನೇ ನಂಬ್ಕೋಬೇಡ. ಕ್ಲಚ್ಚು ಪೂರ್ತಿ ಬಿಡು. ಹಾಂ." ಕೆಳಗಿನ ಏರಿನಲ್ಲಿ ಎಂಜಿನ್ ಒಮ್ಮೆಯೂ ಉಸಿರು ಕಟ್ಟದೆ ಎಳೆಯಿತು. "ಎಡಗಡೆ ಸಿಲಿಂಡರು ಸ್ವಲ್ಪ ಸದ್ದು ಮಾಡ್ತಿದೆ. ನಾಳೆ ನೋಡ್ತೀನಿ," ಎಂದ ಫೆರ್ಮಿನ್. ಒನೇಲಿಯೊನಿಗೆ ಅಂಥ ಸದ್ದೇನೂ ಕೇಳಿಸಲಿಲ್ಲ. ನಾಳೆ ಎಂದನಲ್ಲ, ಯಾಕೆ ಹಾಗೆಂದ ಎಂದು ಮಾತ್ರ ದಾರಿಯುದ್ದಕ್ಕೂ ಯೋಚಿಸಿದ.

ರೈಲುಹಳಿ ದಾಟಿದ ಮೇಲೆ, ಹಸಿರು ಬಾಗಿಲಿನ ಗಿಡ್ಡ ಮನೆಯ ಮುಂದೆ ಫೆರ್ಮಿನ್ ಅವನ ಬೆನ್ನು ತಟ್ಟಿ ನಿಲ್ಲಿಸಿದ. ಇಳಿದು, ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡ. ಮನೆಯ ಕಡೆಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ.

"ನೀನೂ ಬರ್ತೀಯಲ್ಲ?" ಎಂದ ಒನೇಲಿಯೊ.

"ಮೊದಲು ನೀನು ಹೇಳು. ಆಮೇಲೆ ನಾನು ಹೇಳ್ಬೇಕಾದ್ದಿದೆ."

ಒನೇಲಿಯೊ ಗಾಡಿಯ ಮೇಲೆಯೇ ಕೂತಿದ್ದ. ಎಂಜಿನ್ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು; ಎಷ್ಟು ಹೊತ್ತು ಬೇಕಾದರೂ ಹಾಗೆಯೇ ಬಡಿದುಕೊಳ್ಳುವಂತಿತ್ತು.

"ಆರಿಸು ಅದನ್ನ," ಎಂದ ಫೆರ್ಮಿನ್. "ಅವಳಿಗೆ ಕಿವಿ ಮಂದ."

ಒನೇಲಿಯೊ ಕೀಲಿ ತಿರುಗಿಸಿದ. ಇಳಿದು ಹೋಗಿ ಹಸಿರು ಬಾಗಿಲು ತಟ್ಟಿದ. ಒಳಗೆ ಚಪ್ಪಲಿ ಎಳೆಯುವ ಸದ್ದು ಬಹಳ ದೂರದಿಂದ ಬಂದಂತೆ ಬಂದು ಬಾಗಿಲ ಆಚೆಗೆ ನಿಂತಿತು.

"ಯಾರದು?" ಎಂದಳು ಸೊಯ್ಲಾ.

ಒನೇಲಿಯೊ ತನ್ನ ಹೆಸರು ಹೇಳಿದ. ಅವಳಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ಬೀದಿಗೆಲ್ಲ ಕೇಳುವಂತೆ, ಹೇಳಿದ.